ಆ 'ಆದ್ರೂ' ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ

ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು, 'ಪಾಪ, ಹನ್ನೊಂದು ವರ್ಷಕ್ಕೇ ಶಾಲೆ ಮುಗೀತು, ಆದ್ರೂ ಎಂಥಾ ಕಾದಂಬರಿ ಬರೆದಳು ನೋಡಿ' ಅನ್ನುತ್ತಾರೆ. ಶಾಲೆ ಮುಗಿದದ್ದು ನಿಜ. 1786ರ ಕೊನೆಗೆ ರೆಡಿಂಗ್‌ನ ಶಾಲೆಯಿಂದ ಬಂದವಳು ಮತ್ತೆ ಶಾಲೆಗೆ ಹೋಗಲಿಲ್ಲ. ಆದರೆ ಬಂದದ್ದು ಎಂಥ ಮನೆಗೆ ಅಂತಲೂ ನೋಡಬೇಕಲ್ವಾ?

ಹ್ಯಾಂಪ್‌ಷೈರ್‌ನ ಸ್ಟೀವನ್ಟನ್ ಹಳ್ಳಿ. ಅಪ್ಪ ಅಲ್ಲಿನ ಪಾದ್ರಿ. ಹುಡುಗರನ್ನು ಮನೆಯಲ್ಲೇ ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಅವರ ಹತ್ತಿರ 500ಕ್ಕೂ ಜಾಸ್ತಿ ಪುಸ್ತಕಗಳಿದ್ದವು. ಸಂಜೆ ಅಪ್ಪ ಕೂಪರ್ ಕವಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಆಗ ಕಾದಂಬರಿ ಅಂದರೆ ಹಗುರವಾಗಿ ನೋಡುವವರು ಬಹಳ. ಜೇನ್ ಮಾತ್ರ 1798ರ ಪತ್ರವೊಂದರಲ್ಲಿ, ನಮ್ಮ ಮನೆಯವರೆಲ್ಲ ಕಾದಂಬರಿ ಓದುವವರು, ಅದಕ್ಕೆ ನಮಗೇನೂ ನಾಚಿಕೆಯಿಲ್ಲ ಎಂದು ಬರೆದಳು.

ಹದಿನೈದಕ್ಕೆ ಇಂಗ್ಲೆಂಡಿನ ಚರಿತ್ರೆ ಪುಸ್ತಕಗಳನ್ನೇ ಗೇಲಿ ಮಾಡಿ ಬರೆದಳು. ರಾಜರಾಣಿಯರ ಚಿತ್ರ ಬಿಡಿಸಿದ್ದು ಅಕ್ಕ ಕ್ಯಾಸಂಡ್ರಾ. ಗೇಲಿ ಯಾವುದರದ್ದು ಅಂತ ಥಟ್ಟನೆ ತಿಳಿಯುವವರು ಮನೆಯಲ್ಲೇ ಇದ್ದರು. ಯಾವ ಶಾಲೆಯಲ್ಲಿ ಇದು ಸಿಗುತ್ತೆ? ಮಕ್ಕಳಿಗೆ ಪುಸ್ತಕ ಕೊಡಿಸಿ, ಎಷ್ಟು ಪುಟ ಆಯ್ತು ಅಂತ ಕೇಳುವವರು ನಾವು. ಓದಿದ್ದನ್ನು ಕೂತು ಕೇಳಿಸಿಕೊಳ್ಳುವುದಿಲ್ಲ.

ನನಗೆ ತುಂಬಾ ಇಷ್ಟವಾದ ಪ್ರಸಂಗ 1813ರದ್ದು. ಆಕೆಯ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿ ಅಚ್ಚಾಗಿ, ಆಗ ಅವರಿದ್ದ ಚಾಟನ್ ಹಳ್ಳಿಯ ಮನೆಗೆ ಬಂತು. ಅವತ್ತೇ ಸಂಜೆ, ಊರಿನವರೇ ಆದ ಮಿಸ್ ಬೆನ್ ಎಂಬುವರಿಗೆ ಅಮ್ಮ ಮಗಳು ಅದನ್ನು ಓದಿ ಹೇಳಿದರು. ಬರೆದವಳು ಎದುರಿಗೇ ಕೂತಿದ್ದಾಳೆ ಅಂತ ಅವರಿಗೆ ಗೊತ್ತಿಲ್ಲ. ಇನ್ನೊಂದು ಸಂಜೆಯ ಓದು ಜೇನ್‌ಗೆ ಅಷ್ಟು ಹಿಡಿಸಲಿಲ್ಲ. ಅಮ್ಮ ತುಂಬಾ ಬೇಗ ಬೇಗ ಓದುತ್ತಾರೆ, ಪಾತ್ರಗಳು ಅವರಿಗೆ ಚೆನ್ನಾಗಿ ಅರ್ಥವಾಗಿವೆ, ಆದರೆ ಅವುಗಳ ಹಾಗೆ ಮಾತಾಡಲು ಬರುವುದಿಲ್ಲ ಎಂದು ಅಕ್ಕನಿಗೆ ಬರೆದಳು. ಆಕೆಯ ಸಂಭಾಷಣೆಗಳು ಇವತ್ತಿಗೂ ಕಿವಿಯಲ್ಲಿ ಉಳಿಯುವುದು ಯಾಕೆ ಅಂತ ನನಗೆ ಗೊತ್ತಾದದ್ದು ಈ ಸಾಲಿನಿಂದ. ಎಷ್ಟೋ ಸಂಜೆ ಬೇರೆಯವರ ಓದು ಕೇಳಿ ಕೇಳಿ ಪಳಗಿದ ಕಿವಿ ಅದು. ಆಕೆಯ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಕಾದಂಬರಿಯಲ್ಲೂ ಅಷ್ಟೇ. ಅಕ್ಕ ಮೆಚ್ಚಿದ ಎಡ್ವರ್ಡ್, ಕೂಪರ್ ಕವಿಯ ಸಾಲುಗಳನ್ನು ಸಪ್ಪೆಯಾಗಿ ಓದಿದ ಅಂತ ತಂಗಿ ಮೇರಿಯಾನ್‌ಗೆ ತಡೆಯಲಾಗದಷ್ಟು ಸಂಕಟ!

1814ರಲ್ಲಿ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಬಂತು. ಮನೆಯವರು, ನೆಂಟರು, ಗೆಳೆಯರು ಏನಂದರು ಅನ್ನುವುದನ್ನೆಲ್ಲ ಆಕೆ ಬರೆದಿಟ್ಟಳು. ಅಮ್ಮನಿಗೆ ಹಿಂದಿನ 'ಪ್ರೈಡ್ ಅಂಡ್ ಪ್ರೆಜುಡಿಸ್'ಏ ಹೆಚ್ಚು ಹಿಡಿಸಿತ್ತು. ನಾಯಕಿ ಫ್ಯಾನಿ ಸಪ್ಪೆ ಅಂದಿದ್ದರು. ಜೇನ್ ಅದನ್ನೂ ಬಿಡದೆ ತನ್ನ ಕೈಯಾರೆ ಬರೆದುಕೊಂಡಿದ್ದಾಳೆ.