ಅಜ್ಜ ಹತ್ತಿದ ಘಟ್ಟ

"ಆರು ದಿನ ಸಕಲೇಶಪುರದಲ್ಲಿಯಾ? ಅಲ್ಲಿ ನೋಡ್ಲಿಕ್ಕೆ ಅಷ್ಟು ಏನುಂಟು ಟೀಚರ್?"

ಡೊಂಬಿವಲಿಗೆ ವಾಪಸ್ ಬಂದ ಮೇಲೆ ಹತ್ತು ಮಂದಿಯಾದರೂ ಕೇಳಿರಬಹುದು. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಇಲ್ಲೇ ಬರೆಯುತ್ತೇನೆ.

ಕರಾವಳಿಯಿಂದ ಮುಂಬಯಿಗೆ ಬಂದ ನಮಗೆ ರಜೆ ಅಂದರೆ ಮತ್ಸ್ಯಗಂಧ ರೈಲು. ಮದುವೆ, ಕೋಲ, ಕಟೀಲು, ಒಂದು ಚೀಲ ಹಲಸಿನ ಹಪ್ಪಳ, ಆಮೇಲೆ ವಾಪಸ್. ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಪಾಠ ಮಾಡಿದಷ್ಟು ವರ್ಷವೂ ನನ್ನದು ಇದೇ ದಾರಿ. ಮಂಗಳೂರಿನಲ್ಲಿ ಇಳಿದು ಇನ್ನೊಂದು ರೈಲು ಹತ್ತಿದರೆ ಸಂಜೆಯೊಳಗೆ ಕಾಫಿ ಸೀಮೆ ಸಿಗುತ್ತದೆ ಎಂದು ಗೊತ್ತಿದ್ದೂ ಹತ್ತಿರಲಿಲ್ಲ.

ಆದರೆ ನಮ್ಮ ಮನೆಗೆ ಘಟ್ಟ ಹೊಸತಲ್ಲ. ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಕೂಡಲೇ ಅಜ್ಜ, ತೋಟಕ್ಕೆ ಆಳು ಕರೆದೊಯ್ಯುವ ಸೇರೆಗಾರನ ಕೈಯಿಂದ ಮುಂಗಡ ತಕ್ಕೊಂಡು ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದರಂತೆ. ಹಾಸನ–ಮಂಗಳೂರು ರೈಲು ಬಂದದ್ದು 1979ರಲ್ಲಿ. ಅಜ್ಜ ನಡೆದೇ ಹತ್ತಿದವರು. ಒಂದು ವರ್ಷ ಚಳಿಜ್ವರ ಹಿಡಿಸಿಕೊಂಡು ಇಳಿದವರು ಮತ್ತೆ ಏಳಲಿಲ್ಲ. ಆಮೇಲೆ ಅಜ್ಜಿ ಮಗನನ್ನು ಘಟ್ಟಕ್ಕೆ ಬಿಡಲಿಲ್ಲ. ಹದಿಮೂರು ವರ್ಷದ ನನ್ನ ಅಪ್ಪ ಬೊಂಬಾಯಿ ಹಡಗು ಹತ್ತಿದರು. ಫೋರ್ಟಿನ ಹೋಟೆಲಿನಲ್ಲಿ ಹಗಲಿಡೀ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ನಾನು ಟೀಚರ್ ಆದದ್ದು ಆ ರಾತ್ರಿ ಶಾಲೆಯಿಂದ.

ಅಜ್ಜ ಹೋಗುತ್ತಿದ್ದ ಸೀಮೆಯನ್ನು ಓಡಾಡಿ ಮುಗಿಸಬಾರದು, ಅಲ್ಲಿ ಸ್ವಲ್ಪ ಕೂತುಕೊಳ್ಳಬೇಕು ಎನ್ನುವುದಷ್ಟೇ ನನ್ನ ಆಸೆಯಾಗಿತ್ತು.

ಸುಬ್ರಹ್ಮಣ್ಯ ರೋಡ್ ದಾಟಿದ ಮೇಲೆ ಐವತ್ತೈದು ಕಿಲೋಮೀಟರ್ ಘಟ್ಟ, 57 ಸುರಂಗ, 109 ಸೇತುವೆ. ರೈಲು ಏದುಸಿರು ಬಿಡುತ್ತಾ ಹತ್ತುತ್ತದೆ. ನಮ್ಮ ಮನೆಯವರು ಮೊದಲು ಸುರಂಗ ಎಣಿಸುತ್ತಿದ್ದರು, ಎಡಕುಮೇರಿ ಸ್ಟೇಷನ್ ಬರುವಷ್ಟರಲ್ಲಿ ಎಣಿಕೆ ಬಿಟ್ಟು ಕಿಟಕಿಗೆ ಹಣೆ ಒತ್ತಿ ಕೂತಿದ್ದರು. ನಾನು ಕೆಳಗಿನ ಕಾಡು ನೋಡುತ್ತಾ, ಇದರೊಳಗೆ ಎಲ್ಲಿ ಕಾಲುದಾರಿ ಇದ್ದಿರಬಹುದು ಅಂತ ಹುಡುಕುತ್ತಿದ್ದೆ.

ಊರೊಳಗೇ ಒಂದು ಹಳೇ ಮನೆಯ ಮಹಡಿಯಲ್ಲಿ ಉಳಿದೆವು. ಜನವರಿ ಕೊನೆ. ಬೆಳಿಗ್ಗೆ ಎಂಟರವರೆಗೆ ಹೇಮಾವತಿಯ ಮೇಲೆ ಮಂಜು. ಹೊತ್ತಿಗೆ ಮುಂಚೆ ವಾಕಿಂಗ್ ಹೊರಟರೆ ಮನೆಯಮ್ಮ ತಡೆಯುತ್ತಿದ್ದರು: "ಬೆಳಕು ಹರೀಲಿ ತಾಳಿ, ತೋಟದ ಕಡೆ ಆನೆ ಇದಾವಂತೆ." ಅಲ್ಲಿನವರು ಮಳೆಯ ಸುದ್ದಿ ಹೇಳಿದ ಹಾಗೆ ಆನೆಯ ಸುದ್ದಿ ಹೇಳುತ್ತಾರೆ. ಅವರು ಮಾಡಿದ ಕಡುಬು, ಅಕ್ಕಿರೊಟ್ಟಿ ತಿಂದು, ಜಗಲಿಯಲ್ಲಿ ಕೂತು ಎರಡನೇ ಕಾಫಿ. ಮಾಟುಂಗಾದಲ್ಲಿ ಪುಡಿ ಮಾಡಿಸಿ ತರುವಾಗ ಬರುವ ಘಮ ನನಗೆ ಗೊತ್ತು. ಇಲ್ಲಿಯದು ಬೇರೆ. ಕಣದಲ್ಲಿ ಒಣಗುವ ಹಣ್ಣಿನದು, ಸಿಹಿ, ಸ್ವಲ್ಪ ಹುಳಿತ ವಾಸನೆ. ಊರಿನ ಗಾಳಿಯೇ ಹಾಗಿತ್ತು.

ಮಂಜರಾಬಾದ್ ಕೋಟೆಗೂ ಹೋದೆವು. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಅಲ್ಲಿ ಕಂಡ ಒಂದು ಸಂಸಾರ ಫೋಟೋ ತೆಗೆದು ಹತ್ತೇ ನಿಮಿಷದಲ್ಲಿ ಇಳಿಯಿತು, ಅವತ್ತೇ ಇನ್ನೂ ನಾಲ್ಕು ಕಡೆ ಹೋಗಬೇಕಂತೆ. ಅವರನ್ನು ತಪ್ಪೆನ್ನಲಾರೆ, ಸಿಗುವುದೇ ಎರಡು ದಿನದ ರಜೆ. ಆದರೂ ಹೇಳುತ್ತೇನೆ: ಆ ಊರು ನನಗೆ ತೆರೆದುಕೊಂಡದ್ದು ನಾಲ್ಕನೇ ದಿನ.

ಅವತ್ತು ಮನೆಯಮ್ಮ ತಮ್ಮ ತೋಟಕ್ಕೆ ಕರೆದುಕೊಂಡು ಹೋದರು. ರೊಬಸ್ಟಾ ಕೊಯ್ಲು. ಸಿಲ್ವರ್ ಓಕಿನ ನೆರಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ರೆಂಬೆಗೆ ಅಂಟಿಕೊಂಡ ಹಣ್ಣಿನ ಗೊಂಚಲು. ನಾನೂ ಕೈ ಹಾಕಿದೆ. ಅರ್ಧ ಗಂಟೆಯಲ್ಲಿ ಬೆರಳೆಲ್ಲ ಅಂಟು, ತೋಳು ತುಂಬ ಇರುವೆ. ಸುಮಾರು ಐದು ಕಿಲೋ ಹಣ್ಣು ಕೊಯ್ದರೆ ಒಂದು ಕಿಲೋ ಬೀಜ ಸಿಗುತ್ತದೆ. ಕೂಲಿ ಕಿಲೋ ಲೆಕ್ಕ, ಸಂಜೆ ತೂಕ. ಆಮೇಲೆ ಕಣದಲ್ಲಿ ಹರವಿ, ಹಗಲು ಕೈಯಾಡಿಸಿ, ರಾತ್ರಿ ಇಬ್ಬನಿ ತಾಗದ ಹಾಗೆ ಟಾರ್ಪಾಲು ಮುಚ್ಚುವ ಕೆಲಸ ಹತ್ತು ಹದಿನೈದು ದಿನ.

ಕೊಯ್ಯುತ್ತಿದ್ದವರೆಲ್ಲ ಅಸ್ಸಾಮಿನವರು. ಮುಂಬಯಿಯ ನನ್ನ ಹಿಂದಿ ಅಲ್ಲಿ ಉಪಯೋಗಕ್ಕೆ ಬಂತು. ಒಬ್ಬ ಹೆಂಗಸು ಹೇಳಿದಳು, ಮೇಸ್ತ್ರಿಯಿಂದ ಮುಂಗಡ ತಗೊಂಡು ಬಂದದ್ದು, ಕೊಯ್ಲು ಮುಗಿಯುವ ತನಕ ಊರಿಗೆ ಹೋಗುವ ಹಾಗಿಲ್ಲ ಅಂತ. ನನಗೆ ಗಂಟಲು ಕಟ್ಟಿತು. ನನ್ನ ಅಜ್ಜನ ಮಾತದು, ಭಾಷೆಯಷ್ಟೇ ಬೇರೆ. ಅವಳು ಕುಡಿಯುತ್ತಿದ್ದದ್ದು ಕಪ್ಪು ಚಾ. ಕಾಫಿ ಅವಳಿಗೆ ಸೇರುವುದಿಲ್ಲವಂತೆ.

ಅವಳ ಮಗಳಿಗೆ ಎಂಟು ವರ್ಷ. ಕಣದಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾ ಕೂತಿದ್ದಳು. ಶಾಲೆ? ಊರಿನದ್ದು ಬಿಟ್ಟಾಯಿತು, ಇಲ್ಲಿಯದು ಸೇರಿಲ್ಲ. ಉಳಿದ ಎರಡು ದಿನವೂ ನಾನು ಬೇರೆಲ್ಲಿಗೂ ಹೋಗಲಿಲ್ಲ. ಕಣದ ಮೂಲೆಯಲ್ಲಿ ಇದ್ದಿಲಿನಿಂದ ಅವಳ ಹೆಸರು ಬರೆದು ತೋರಿಸಿದೆ. ಕೊನೆಯ ದಿನ ಬೆಳಿಗ್ಗೆ ಹೋಗುವಾಗ ಅವಳದನ್ನು ಅಳಿಸಿ ತಮ್ಮನ ಹೆಸರು ಬರೆಯಲು ನೋಡುತ್ತಿದ್ದಳು. ಮೊದಲ ಅಕ್ಷರ ತಲೆಕೆಳಗಾಗಿತ್ತು.

ನನ್ನ ಅಪ್ಪ ಓದಿದ್ದು ಯಾರೋ ಕನ್ನಡದವರು ಪರವೂರಿನಲ್ಲಿ ಹೋಟೆಲ್ ಹುಡುಗರಿಗೆ ಅಂತ ರಾತ್ರಿ ದೀಪ ಹಚ್ಚಿ ಕೂತದ್ದರಿಂದ. ಈಗ ನಮ್ಮ ಸೀಮೆಗೆ ಪರವೂರಿನ ಮಕ್ಕಳು ಬಂದಿದ್ದಾರೆ. ಅವರಿಗೆ ನಾವು ಯಾರಾದರೂ ಕೂರಬೇಕಲ್ಲ? ಸಂಘದ ಸಭೆಯಲ್ಲಿ ಇದನ್ನೇ ಹೇಳಿದೆ, ಇಲ್ಲೂ ಹೇಳುತ್ತಿದ್ದೇನೆ. ಸರ್ಕಾರ, ತೋಟದವರು ಮಾಡಬೇಕಾದದ್ದು ಉಂಟು, ಅದನ್ನು ಕೇಳುತ್ತಲೇ ಇರಬೇಕು. ಆದರೆ ಮುಂಬಯಿ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ನಮ್ಮಂಥ ಎಷ್ಟು ಮಂದಿ ಟೀಚರುಗಳಿದ್ದೇವೆ, ನಮಗೆ ಕನ್ನಡ, ಹಿಂದಿ ಎರಡೂ ಬರುತ್ತದೆ. ರಜೆಗೆ ಊರಿಗೆ ಹೋಗುವವರು ಹದಿನೈದು ದಿನ ಘಟ್ಟದ ಮೇಲೂ ಇರಬಹುದು.

ಬರುವ ಡಿಸೆಂಬರಿಗೆ ನಾನು ಮತ್ತೆ ಹೋಗುತ್ತೇನೆ. ಖಾಲಿ ಗೋಣಿ ಇಡುವ ಕೋಣೆ ಸಂಜೆ ಹೊತ್ತಿಗೆ ಕೊಡಬಹುದಾ ಎಂದು ಮನೆಯಮ್ಮನಿಗೆ ಫೋನ್ ಮಾಡಿ ಕೇಳಿದೆ. "ಕೋಣೆ ಯಾಕೆ ಟೀಚರೇ, ಜಗಲಿಲೇ ಕೂರ್ಸಿ, ಲೈಟಿದೆ" ಅಂದರು. ಸ್ಲೇಟು ಈಗಲೇ ತೆಗೆದಿಟ್ಟಿದ್ದೇನೆ, ಇಪ್ಪತ್ತು. ಜೊತೆಗೆ ಬರುವವರಿದ್ದರೆ ತಿಳಿಸಿ, ಮಹಡಿಯಲ್ಲಿ ಇನ್ನೊಂದು ರೂಮು ಉಂಟು.