ಕಂಪ್ರೆಸರ್ ಬದಲಿಸುವ ದರ: ಓಡಾಡುತ್ತಿರುವ ಸಂದೇಶಕ್ಕೊಂದು ಸ್ಪಷ್ಟನೆ

"ಕಂಪ್ರೆಸರ್ ಬೆಲೆಗೆ ಸಾವಿರ ರೂಪಾಯಿ ಕೂಲಿ ಸೇರಿಸಿದರೆ ಸಾಕು, ಜಾಸ್ತಿ ಕೇಳಿದರೆ ಮೋಸ" ಎಂಬ ಸಂದೇಶ ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಕಂಪ್ರೆಸರ್ ಎಂದರೆ ಫ್ರಿಜ್, ಕೋಲ್ಡ್ ರೂಮುಗಳಲ್ಲಿ ತಂಪು ಮಾಡುವ ಗ್ಯಾಸನ್ನು ಒತ್ತಿ ಓಡಿಸುವ ಯಂತ್ರ. ಈ ಸಂದೇಶ ತಪ್ಪು. ಇದನ್ನು ನಂಬಿ ದರ ಹೇಳಿದ ಹೊಸ ಮೆಕ್ಯಾನಿಕ್ ಹುಡುಗರು ಕೈಯಿಂದ ದುಡ್ಡು ಹಾಕುತ್ತಿದ್ದಾರೆ.

ಮೀನಂಗಡಿಯ ಕೋಲ್ಡ್ ರೂಮನ್ನೇ (ಮೀನು ತಣ್ಣಗಿಡುವ ಕೋಣೆ) ನೋಡಿ. ಹಳೆ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡಬಾರದು, ಸಿಲಿಂಡರಿಗೆ ಎಳೆದುಕೊಳ್ಳಬೇಕು. ಗ್ಯಾಸಿನ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದೇ ಬೇಕು. ಬೆಸುಗೆಯ ನಂತರ ನೈಟ್ರೋಜನ್ ತುಂಬಿ ಲೀಕ್ ನೋಡಬೇಕು. ಆಮೇಲೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯಬೇಕು; ಈ ವ್ಯಾಕ್ಯೂಮ್ 500 ಮೈಕ್ರಾನ್‌ಗೆ (ಒಳಗೆ ಉಳಿದ ಒತ್ತಡದ ಅಳತೆ) ಇಳಿದು ಅಲ್ಲೇ ನಿಲ್ಲಬೇಕು. ಇದಕ್ಕೆ ಗಂಟೆಗಟ್ಟಲೆ ಸಮಯ ಹಿಡಿಯುತ್ತದೆ. ಕೊನೆಗೆ ತೂಕ ಮಾಡಿ ಗ್ಯಾಸ್. ಇವೆಲ್ಲ ಸಾವಿರದೊಳಗೆ ಆಗುತ್ತದಾ?

ಇನ್ನೊಂದು ಮುಖ್ಯ ವಿಷಯ. ಹಳೆ ಕಂಪ್ರೆಸರ್ ಯಾಕೆ ಕೆಟ್ಟಿತು ಎಂದು ನೋಡದೆ ದರ ಹೇಳಲೇಬೇಡಿ. ನಮ್ಮ ಕಡಲ ಕರೆಯಲ್ಲಿ ಉಪ್ಪುಗಾಳಿ, ಬಿಸಿ ಹೊರಹಾಕುವ ಕಂಡೆನ್ಸರನ್ನು ತಿಂದುಹಾಕುತ್ತದೆ. ಬಿಸಿ ಹೊರಗೆ ಹೋಗದಿದ್ದರೆ ಹೊಸ ಕಂಪ್ರೆಸರ್ ಕೂಡ ಸುಡುತ್ತದೆ. ಕಂಪ್ರೆಸರಿನೊಳಗಿನ ಮೋಟಾರ್ ಸುಟ್ಟಿದ್ದರೆ ಅದರ ಎಣ್ಣೆಯಲ್ಲಿ ಆಸಿಡ್ ಇರುತ್ತದೆ, ಪೈಪಿನೊಳಗೆ ಸ್ವಚ್ಛ ಮಾಡುವ ಖರ್ಚೂ ಸೇರಬೇಕು.

ಲಾಭದ ಲೆಕ್ಕದಲ್ಲೂ ಗೊಂದಲವಿದೆ. 20,000 ರೂಪಾಯಿ ಖರ್ಚಿನ ಮೇಲೆ ಶೇ. 25 ಸೇರಿಸಿದರೆ ಬಿಲ್ಲು 25,000. ಆ ಬಿಲ್ಲಿನಲ್ಲಿ ಉಳಿಯುವ 5,000 ಎಂದರೆ ಬಿಲ್ಲಿನ ಶೇ. 20 ಮಾತ್ರ, 25 ಅಲ್ಲ. ಓಡಾಟ, ಪೆಟ್ರೋಲು, ಮತ್ತೊಮ್ಮೆ ಬರಬೇಕಾದರೆ ಆ ದಿನದ ಕೂಲಿ, ಎಲ್ಲವೂ ಖರ್ಚಿನಲ್ಲೇ ಇರಲಿ.

"ವಾರಂಟಿ ಇದ್ದರೆ ಎಲ್ಲ ಫ್ರೀ" ಎಂಬುದೂ ಸರಿಯಲ್ಲ. ಸಾಮಾನ್ಯವಾಗಿ ಕಂಪ್ರೆಸರಿಗಷ್ಟೇ ವಾರಂಟಿ. ಗ್ಯಾಸ್, ಕೂಲಿ ಬೇರೆ. ಅಂಗಡಿಯವರಿಗೆ ಇದನ್ನು ಕೆಲಸಕ್ಕೆ ಮೊದಲೇ ಬರೆದು ಕೊಡಿ.