ಬ್ಯಾಗಿನ ಮ್ಯಾಲಿನ ಸಿನಿಮಾ

ಅಣ್ಣನ ಮಗಳ ಸಾಲಿ ಬ್ಯಾಗಿನ ಜಿಪ್ ಮತ್ತ ಕಿತ್ತೈತಿ, ಅದನ್ನ ಹಿಡ್ಕೊಂಡು ಮಟಮಟ ಮಧ್ಯಾಹ್ನ ಗಾಂಧಿ ಚೌಕಕ್ಕ ಹೋಗೋ ಕೆಲಸ ನಂದ. "ಕಾಕಾ, ಎಲ್ಸಾನ ಮಾರಿ ಮ್ಯಾಲ ಹೊಲಿಗಿ ಬರಬಾರ್ದು ನೋಡು ಮತ್ತ" ಅಂತ ಆರ್ಡರ್ ಬ್ಯಾರೆ. ಎಲ್ಸಾ ಅಂದ್ರ ಬ್ಯಾಗಿನ ಮ್ಯಾಲಿನ ರಾಣಿ, ಫ್ರೋಜನ್ ಅನ್ನೋ ಕಾರ್ಟೂನ್ ಸಿನಿಮಾದಾಕಿ. ಈ ಸಿನಿಮಾ 2013ರಾಗ ಬಂತು, ಎರಡು ಆಸ್ಕರ್ ಹೊಡೀತು, ನಾ ಒಂದ್ ಸೀನೂ ನೋಡಿಲ್ಲ. ಆದ್ರ ನಮ್ಮನ್ಯಾಗ ನೀರಿನ ಬಾಟ್ಲಿ, ಟಾವೆಲ್, ಹಲ್ಲುಜ್ಜೋ ಬ್ರಷ್ ಎಲ್ಲಾದ್ರ ಮ್ಯಾಲೂ ಅದ ಐತಿ, ವಿಮರ್ಶೆ ಬರಿಯಾಕ ಇಷ್ಟ ಸಾಕು.

ಸಿನಿಮಾದಾಗ ಅಕ್ಕ ಎಲ್ಸಾನ ಕೈಯಿಂದ ಊರೆಲ್ಲಾ ಬರ್ಫ ಆಗ್ತೈತಿ, ತಂಗಿ ಅಕೀನ್ನ ಹುಡುಕ್ಕೊಂಡು ಹೊಂಡ್ತಾಳ. ಅದಿರ್ಲಿ. ನಂಗ ಕಾಳಜಿ ಇರೋದು ಕ್ರಿಸ್ಟಾಫಂದು, ಆ ಹುಡುಗನ ದಂಧಾನ ಬರ್ಫ ಕೊರದು ಮಾರೋದು. ಊರ ಬರ್ಫ ಆದಮ್ಯಾಲ ಅವನ ಹತ್ರ ಯಾವ ಮಗ ತಗೊಂತಾನ?

ಬರ್ಫಿನ ಕಷ್ಟ ನಂಗ ಗೊತ್ತೈತಿ. ನಮ್ಮಕ್ಕನ ಮದಿವಿ ಮೇ ತಿಂಗಳದಾಗ, ಬೀಗರಿಗೆ ತಣ್ಣನ ಶರಬತ್ತ ಕೊಡಬೇಕಂತ ಅಪ್ಪ ಹಟ ಹಿಡದು ನನ್ನ ಬರ್ಫಿನ ಫ್ಯಾಕ್ಟರಿಗೆ ಅಟ್ಟಿದ. ಕಟಗಿ ಹೊಟ್ಟು ತುಂಬಿದ ಗೋಣಿಚೀಲದಾಗ ಗಡ್ಡಿ ಇಟ್ಟು ಸೈಕಲ್ ಕ್ಯಾರಿಯರಿಗೆ ಬಿಗದು ಹೊಂಟೆ, ಗೋಳಗುಮ್ಮಟ ದಾಟೂದ್ರಾಗ ಚೀಲ ಹನಿಯಾಕ ಹತ್ತಿತು, ಅಷ್ಟ್ರಾಗ ನಮ್ಮ ಗಣಿತದ ಮಾಸ್ತರ್ ಸಿಕ್ಕು ಹ್ಯಾಂಡಲ್ ಹಿಡದು ನಿಂದರಿಸಿ "ಯಾಕೋ, ಬೀಜಗಣಿತ ಯಾಕ ಬಿಟ್ಟೀ?" ಅಂತ ಸುರು ಮಾಡಿದ್ರು, ಹಿಂದ ಬರ್ಫ ಹರದು ಗಟಾರ ಸೇರಾಕತ್ತೈತಿ, ಮುಂದ ಇವರು ಬಿಡವಲ್ರು. ಮನಿ ಮುಟ್ಟಿದಾಗ ಉಳದದ್ದು ಅರಿವಿ ಸೋಪಿನಷ್ಟ, ಅದಕ್ಕೂ ಹೊಟ್ಟು ಮೆತ್ತಿತ್ತು. ಅಪ್ಪ ಹಂಗ ಕೊಡಕ್ಕ ಹಾಕಿದ. ಬೀಗರು ಕುಡದು, "ಯಾಲಕ್ಕಿ ಭಾಳ ಜೋರ್ ಹಾಕೀರಿ" ಅಂದ್ರು.

ಹಾಂ, ಸಿನಿಮಾ. ಅದರಾಗ ಓಲಾಫ್ ಅನ್ನೋ ಬರ್ಫಿನ ಗೊಂಬಿಗೆ ಬ್ಯಾಸಗಿ ಅಂದ್ರ ಪ್ರಾಣ ಅಂತ. ಏಪ್ರಿಲ್‌ನಾಗ ವಿಜಯಪುರಕ್ಕ ಕಳಸ್ರಿ, ಸ್ಟೇಷನ್ ಮೆಟ್ಲ ಇಳಿಯೂದ್ರಾಗ ಪ್ರೀತಿ ಇಳೀತೈತಿ. ಇನ್ನ ಈ ಬ್ಯಾಗ್, ಒಂಬೈನೂರು ರೂಪಾಯಿ! ನಾಕ್ ಪುಸ್ತಕ ಹೊರಾಕ ಆಗಲಾರದ ಚೀಲಕ್ಕ ರಾಣಿ ಯಾತಕ್ಕ? ನಮ್ಮ ಖಾದಿ ಚೀಲದ ಮ್ಯಾಲ ಯಾರ ಮಾರೀನೂ ಇರ್ಲಿಲ್ಲ, ಹತ್ತನೇತ್ತೆ ಮುಗಿಯೋತನಕ ಬಾಳಿತು.

ಕ್ರಿಸ್ಟಾಫನ ಬಗ್ಗೆ ಮುಂಜಾನೆ ಅಕೀನ್ನ ಕೇಳಿದ್ದೆ. "ಕಡೀಕ ಅವಂಗ ಹೊಸ ಬಂಡಿ ಕೊಡಸ್ತಾರ ಕಾಕಾ, ರಾಣಿ ಬರ್ಫಿನ ಕೆಲಸಾನೂ ಕೊಡ್ತಾಳ" ಅಂದ್ಲು. ಸರ್ಕಾರಿ ನೌಕರಿ! ಇಲ್ಲಿ ನಂಗ ಬೈಗುಳ ಸಿಕ್ಕಿತ್ತು. ಅದಕ್ಕ ಒಂದ್ ಸ್ಟಾರ್ ಕಟ್.

ಜಿಪ್ಪಿನಾಂವ ಬಿಳಿ ದಾರ ಖಾಲಿ ಅಂತ ಕರೇ ದಾರದಾಗ ಎಲ್ಸಾನ ಮೂಗಿನ ಮ್ಯಾಲ ಹಾಯ್ಸೇ ಬಿಟ್ಟಾನ. ಬ್ಯಾಗ್ ತಿರುವಿ ಎದಿಗೆ ಅವಚ್ಕೊಂಡು ಮನಿಗೆ ಹೊಂಟೇನಿ.